ಗೂಬೆ ಕೂರಿಸಿದ್ದು ವೈರಿನ ಉದ್ದದ ಮೇಲೆ

60 ಮೀಟರ್ ಎಕ್ಸ್‌ಟೆನ್ಷನ್ ಎಳೆದು ಟೈಲ್ಸ್ ಕಟ್ಟರ್ ಓಡಿಸುತ್ತಿದ್ದೆವು. ಬೆಳಿಗ್ಗೆ ಸ್ವಿಚ್ ಹಾಕಿದ ಕೂಡಲೇ ಆರ್‌ಸಿಸಿಬಿ (ಕರೆಂಟ್ ಅರ್ಥ್‌ಗೆ ಸೋರಿದರೆ ಸಪ್ಲೈ ಕಡಿಯುವ ಸ್ವಿಚ್) ಟ್ರಿಪ್. ಮಧ್ಯಾಹ್ನ ಅದೇ ಮಷೀನ್, ಅದೇ ವೈರ್, ತಕರಾರೇ ಇಲ್ಲ. "ವೈರ್ ಉದ್ದ ಆಯ್ತು, ಅದಕ್ಕೇ" ಎಂದರು ಜೊತೆಯವರು. ಎರಡು ದಿನ ನಾನೂ ಹೂಂಗುಟ್ಟಿದೆ. ಆದರೆ ಬೆಳಿಗ್ಗೆ ಇದ್ದ ಉದ್ದ ಮಧ್ಯಾಹ್ನಕ್ಕೆ ಕಮ್ಮಿಯಾಗುತ್ತದೆಯೇ?

ಲೆಕ್ಕ ಹಾಕಿದೆ. ಫೇಸ್ ಮತ್ತು ಅರ್ಥ್ ತಂತಿಗಳು ಅಷ್ಟುದ್ದ ಅಕ್ಕಪಕ್ಕ ಓಡಿದರೆ ಕೆಪಾಸಿಟರ್‌ನಂತೆ ಆಗುತ್ತವೆ. ವೈರ್ ಹೊಸದಾದರೂ ಚೂರು ಕರೆಂಟ್ ಅರ್ಥ್‌ಗೆ ಹೋಗುತ್ತದೆ. ವೈರಿನ ಪ್ರತಿ ಮೀಟರಿಗೆ 150 ಪಿಕೋಫ್ಯಾರಡ್ (ಕೆಪಾಸಿಟರಿನ ಅಳತೆ) ಹಿಡಿದರೂ 230 ವೋಲ್ಟ್, 50 ಹರ್ಟ್ಸ್‌ಗೆ ಬಂದದ್ದು 0.65 ಮಿಲಿಆಂಪ್. 30 ಮಿಲಿಆಂಪ್‌ನ ಆರ್‌ಸಿಸಿಬಿ 15ರವರೆಗೆ ಬೀಳಬಾರದು, 30ಕ್ಕೆ ಬೀಳಲೇಬೇಕು. ಎಲ್ಲಿಯ 0.65, ಎಲ್ಲಿಯ ಹದಿನೈದು! (5 ಮಿಲಿಆಂಪ್‌ಗೇ ಬೀಳುವ ಸಾಧನವಾದರೆ ಮಾತು ಬೇರೆ, ಅಲ್ಲಿ ಉಪಕರಣಗಳ ಸಣ್ಣಪುಟ್ಟ ಲೀಕೇಜ್ ಜೊತೆ ಉದ್ದವೂ ಲೆಕ್ಕಕ್ಕೆ ಬರುತ್ತದೆ.)

ಮೊದಲೇ ಮಾಡಬೇಕಿದ್ದ ಕೆಲಸ ಮೂರನೇ ದಿನ ಮಾಡಿದೆ: ಮಷೀನ್ ಕಳಚಿ ಬರೀ ವೈರಿಗೆ ಸಪ್ಲೈ ಕೊಟ್ಟೆ. ಆಗಲೂ ಟ್ರಿಪ್. ಎರಡೂ ತುದಿ ಬಿಚ್ಚಿ 500 ವೋಲ್ಟ್ ಮೆಗ್ಗರ್ (ಇನ್ಸುಲೇಷನ್ ಎಷ್ಟು ಗಟ್ಟಿ ಎಂದು ಅಳೆಯುವ ಮೀಟರ್) ಇಟ್ಟರೆ ಫೇಸ್–ಅರ್ಥ್ ನಡುವೆ ಬರೀ 0.01 ಮೆಗಾಓಮ್. ಅಂದರೆ ಸುಮಾರು 23 ಮಿಲಿಆಂಪ್ ಲೀಕ್! ವೈರ್ ಹಿಡಿದುಕೊಂಡೇ ನಡೆದೆ. ನಡುವೆ ಒಂದು ಜಾಯಿಂಟ್, ಕಪ್ಪು ಟೇಪ್ ಸುತ್ತಿದ್ದು, ಇಬ್ಬನಿ ಬಿದ್ದ ಹುಲ್ಲಿನಲ್ಲಿ ಮಲಗಿತ್ತು. ಟೇಪ್ ಬಿಚ್ಚಿದರೆ ಒಳಗೆ ನೀರು, ತಾಮ್ರದ ಮೇಲೆ ಹಸಿರು ಕಿಲುಬು. ಬಿಸಿಲೇರಿದಾಗ ಒಣಗುತ್ತಿತ್ತು, ಮಧ್ಯಾಹ್ನದ ನೆಮ್ಮದಿಯ ಗುಟ್ಟು ಅದು. ಟೇಪ್ ಸುತ್ತಿದ್ದವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಆ ತುಂಡು ಕತ್ತರಿಸಿ, ನೀರು ಹೋಗದ ಪ್ಲಗ್–ಸಾಕೆಟ್ ಹಾಕಿ, ನೆಲಕ್ಕೆ ತಾಗದಂತೆ ತೂಗುಹಾಕಿದೆ. ಮೆಗ್ಗರ್ 200 ಮೆಗಾಓಮ್ ದಾಟಿತು. ಸಪ್ಲೈ ಕೊಟ್ಟು ಲೀಕೇಜ್ ಕ್ಲಾಂಪ್ ಮೀಟರಿನೊಳಗೆ ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ತೂರಿಸಿ ನೋಡಿದರೆ 0.7 ಮಿಲಿಆಂಪ್. ಉದ್ದ ಅಷ್ಟೇ ಇದೆ, ಟ್ರಿಪ್ ಇಲ್ಲ.

ಮಷೀನ್ ಮಾತ್ರ ಇನ್ನೂ ಏದುಸಿರು ಬಿಡುತ್ತಿತ್ತು. ಆ ತಪ್ಪು ಉದ್ದದ್ದೇ: 1.5 ಚದರ ಮಿಮೀ ತಂತಿ, ಹೋಗಿಬರುವ 120 ಮೀಟರಿಗೆ ಸುಮಾರು 1.6 ಓಮ್, 6 ಆಂಪ್ ಎಳೆದರೆ ಹತ್ತಿರ ಹತ್ತಿರ 10 ವೋಲ್ಟ್ ಖೋತಾ. ಇದು ಆರ್‌ಸಿಸಿಬಿಗೆ ಕಾಣುವುದೇ ಇಲ್ಲ, ಅದು ನೋಡುವುದು ಫೇಸ್–ನ್ಯೂಟ್ರಲ್ ಕರೆಂಟಿನ ವ್ಯತ್ಯಾಸವನ್ನಷ್ಟೇ. ಮುಂದಿನ ವಾರ 2.5ರ ವೈರ್ ತಂದೆ.