ಹಸಿ ಅಡಿಕೆ ಖೇಣಿಗೆ ಬಾಕ್ಸ್ ಪ್ಲಾಟ್: ನನ್ನ ಅನುಭವ

ಖೇಣಿ ಹಿಡಿಯುವ, ಅಂದರೆ ತೋಟದ ಫಸಲಿಗೆ ಮೊದಲೇ ದರ ಮಾತಾಡಿ ಕೊಳ್ಳುವ ನಾವೆಲ್ಲ ತೋಟಕ್ಕೆ ದರ ಕಟ್ಟುವುದು ಸರಾಸರಿ ಇಳುವರಿಯ ಮೇಲೆ. ಕ್ವಿಂಟಲ್ ಹಸಿ ಅಡಿಕೆಗೆ 13 ಕೆಜಿ ರಾಶಿ (ಸುಲಿದು ಬೇಯಿಸಿ ಒಣಗಿಸಿದ ಅಡಿಕೆ) ಬಂದರೆ ಲೆಕ್ಕ ಸರಿಹೋಯಿತು ಎನ್ನುತ್ತೇವೆ. ನನ್ನ ಪುಸ್ತಕದಲ್ಲಿ ತೀರ್ಥಹಳ್ಳಿ ಕಡೆಯ ಕಣಿವೆ ತೋಟಗಳಿಗೂ ಭದ್ರಾವತಿ ಕಡೆಯ ನಾಲೆ ನೀರಿನ ತೋಟಗಳಿಗೂ ಸರಾಸರಿ ಹೆಚ್ಚುಕಡಿಮೆ ಅದೇ 13 ಇತ್ತು; ಆದರೂ ಭದ್ರಾವತಿ ಕಡೆ ದುಡ್ಡು ಉಳಿಯುತ್ತಿತ್ತು, ತೀರ್ಥಹಳ್ಳಿ ಕಡೆ ಮಂಡಿಯ ಮುಂಗಡದ ಬಡ್ಡಿಗೂ ಸಾಲುತ್ತಿರಲಿಲ್ಲ. ಸರಾಸರಿಯ ಪಕ್ಕದಲ್ಲಿ ಕನಿಷ್ಠ, ಗರಿಷ್ಠ ಬರೆದು ನೋಡಿದರೂ ಏನೂ ತಿಳಿಯಲಿಲ್ಲ, ಏಕೆಂದರೆ ಒಂದೇ ಒಂದು ಕೆಟ್ಟ ಲೋಡು ಇಡೀ ಸಾಲನ್ನು ಎಳೆದುಬಿಡುತ್ತದೆ. ಆಗ ಬಾಕ್ಸ್ ಪ್ಲಾಟಿಗೆ ಕೈಹಾಕಿದೆ. ಅಂಕಿಗಳನ್ನು ಸಾಲಾಗಿ ಜೋಡಿಸಿ, ನಡುವಿನ ಅರ್ಧವನ್ನು ಪೆಟ್ಟಿಗೆಯಾಗಿ, ನಟ್ಟನಡುವಿನ ಅಂಕಿಯನ್ನು (ಮಧ್ಯಾಂಕ) ಅದರೊಳಗಿನ ಗೆರೆಯಾಗಿ, ಉಳಿದವನ್ನು ಎರಡೂ ಕಡೆ ಮೀಸೆಯಾಗಿ, ತೀರಾ ದೂರದವನ್ನು ಬಿಡಿ ಚುಕ್ಕೆಯಾಗಿ ತೋರಿಸುವ ನಕ್ಷೆ ಅದು.

ಮೊದಲ ಹಂಗಾಮು ಖರ್ಚಿನಲ್ಲೇ ಮುಗಿಯಿತು. ಲೋಡುವಾರು ಇಳುವರಿ ಬೇಕೆಂದರೆ ಸುಲಿಯುವುದರಿಂದ ಹಿಡಿದು ಬೇಯಿಸಿ ಅಟ್ಟದ ಮೇಲೆ ಒಣಗಿಸುವವರೆಗೂ ಪ್ರತಿ ಲೋಡನ್ನು ಬೇರೆಯಾಗಿಯೇ ಇಡಬೇಕು. ಅದಕ್ಕೆ ಆಳಿನ ಕೂಲಿಯೇ ಇಪ್ಪತ್ತು, ಇಪ್ಪತ್ತೈದು ಸಾವಿರ ಹೆಚ್ಚು ಬಿತ್ತು. ಅಷ್ಟು ಮಾಡಿಯೂ ಎಲ್ಲ ಊರುಗಳನ್ನು ಒಂದೇ ಪೆಟ್ಟಿಗೆಗೆ ಸೇರಿಸಿದ್ದರಿಂದ ನಕ್ಷೆ ಏನನ್ನೂ ಹೇಳಲಿಲ್ಲ. “ಅಡಿಕೆ ಬೇಯಿಸೋದು ಬಿಟ್ಟು ಚಿತ್ರ ಬರೀತಾ ಕೂತಿದ್ದೀಯಲ್ಲೋ ಮಾರಾಯ” ಎಂದು ಮಂಡಿಯಲ್ಲಿ ಹಿರಿಯರೊಬ್ಬರು ನಕ್ಕರು.

ಮರುವರ್ಷ ತೋಟವಾರು ಬಿಡಿಸಿದೆ. ನಾಲೆ ಕಡೆಯ ಒಂದು ತೋಟದ ಹನ್ನೊಂದು ಲೋಡುಗಳ ಇಳುವರಿ (ಹಸಿ ಕ್ವಿಂಟಲಿಗೆ ಇಷ್ಟು ಕೆಜಿ ರಾಶಿ) ಸುಮಾರು ಹೀಗಿತ್ತು: 11.5, 12.4, 12.6, 12.8, 12.9, 13.0, 13.1, 13.3, 13.4, 13.6, 13.9. ಮಧ್ಯಾಂಕ 13.0. ಮೂರನೆಯ ಮತ್ತು ಒಂಬತ್ತನೆಯ ಅಂಕಿಗಳನ್ನು ಚತುರ್ಥಕ (ಪೆಟ್ಟಿಗೆಯ ಎರಡು ತುದಿ) ಎಂದು ಹಿಡಿದರೆ ಪೆಟ್ಟಿಗೆ 12.6ರಿಂದ 13.4, ಉದ್ದ 0.8, ಅದರ ಒಂದೂವರೆ ಪಟ್ಟು 1.2, ಆದ್ದರಿಂದ ಮೀಸೆ ಇಳಿಯಬಹುದಾದ ಕೆಳಗಿನ ಗಡಿ 11.4. ಹೀಗಾಗಿ 11.5ರ ಲೋಡು ಮೀಸೆಯ ತುದಿಯಾಗಿ ಒಳಗೇ ಉಳಿಯುತ್ತದೆ. ಆದರೆ ಎಕ್ಸೆಲ್ ಹಾಳೆಯಲ್ಲಿ ಹಳೆಯ ಕ್ವಾರ್ಟೈಲ್ ಸೂತ್ರ ಹಾಕಿದರೆ ಚತುರ್ಥಕಗಳು 12.7 ಮತ್ತು 13.35 ಎಂದು ಬರುತ್ತವೆ, ಗಡಿ 11.7ರ ಮೇಲಕ್ಕೇರುತ್ತದೆ, ಅದೇ ಲೋಡು ಹೊರಗಿನ ಚುಕ್ಕೆಯಾಗಿ ಮೀಸೆ 12.4ಕ್ಕೇ ನಿಲ್ಲುತ್ತದೆ. 2016ರ ಆವೃತ್ತಿಯಿಂದ ಎಕ್ಸೆಲ್‌ನಲ್ಲಿ ಸಿದ್ಧವಾಗಿರುವ ಬಾಕ್ಸ್ ಪ್ಲಾಟ್ ತಾನಾಗಿ ಹಿಡಿಯುವುದು ನಾನು ಮೊದಲು ಹೇಳಿದ, 12.6 ಮತ್ತು 13.4 ಬರುವ ವಿಧಾನವನ್ನು. ಹಾಳೆಯ ಅಂಕಿಗೂ ನಕ್ಷೆಗೂ ತಾಳೆಯಾಗದೆ ಹಲವು ಸಂಜೆ ಹಾಳಾದವು. ಯಾವುದಾದರೊಂದನ್ನು ಹಿಡಿದು ಎಲ್ಲ ತೋಟಕ್ಕೂ ಅದನ್ನೇ ಬಳಸಿದರೆ ಸಾಕು. ಒಂದೂವರೆ ಪಟ್ಟೆಂಬುದೂ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜಾನ್ ಟೂಕಿ ಬಳಕೆಗೆ ತಂದ ರೂಢಿಯಷ್ಟೆ. ಗಡಿಯಾಚೆಯ ಚುಕ್ಕೆಯನ್ನು ತಪ್ಪು ತೂಕವೆಂದು ಅಳಿಸಬಾರದು. ನನ್ನ ಚುಕ್ಕೆಗಳಲ್ಲಿ ಹೆಚ್ಚಿನವು ಎಳೆಗಾಯಿ ಬೆರೆತ ಲೋಡುಗಳಾಗಿದ್ದವು.

ಕಣಿವೆ ತೋಟಗಳ ಮಧ್ಯಾಂಕವೂ 13ರ ಹತ್ತಿರವೇ ಇತ್ತು, ಆದರೆ ಪೆಟ್ಟಿಗೆ 11.3ರಿಂದ 14.1ರವರೆಗೆ ಚಾಚಿತ್ತು. ಅಂದರೆ ನಾಲ್ಕರಲ್ಲಿ ಒಂದು ಲೋಡು 11.3ಕ್ಕೂ ಕೆಳಗೆ. ರಾಶಿ ಕ್ವಿಂಟಲಿಗೆ 50,000 ರೂಪಾಯಿ ಆಸುಪಾಸು ಇದ್ದ ಕಾಲವದು, 1.7 ಕೆಜಿ ಕಡಿಮೆಯಾದರೆ ಹಸಿ ಕ್ವಿಂಟಲಿಗೆ 850 ರೂಪಾಯಿ ಖೋತಾ, 25 ಕ್ವಿಂಟಲಿನ ಲೋಡಿಗೆ 21,000ದಷ್ಟು. ಮೇಲಿನ ಲೋಡುಗಳಲ್ಲಿ ಅದು ವಾಪಸು ಬರುತ್ತದಲ್ಲ ಎಂದು ವಾದಿಸಿದವರಿದ್ದಾರೆ. ಬರುತ್ತದೆ ನಿಜ, ಆದರೆ ಸಾಲದ ದುಡ್ಡಿನಲ್ಲಿ ವ್ಯಾಪಾರ ಮಾಡುವವನಿಗೆ ಹಂಗಾಮಿನ ಆರಂಭದಲ್ಲೇ ಕೆಟ್ಟ ಲೋಡುಗಳು ಸಾಲಾಗಿ ಬಂದರೆ ಮುಂದಿನ ತೋಟಕ್ಕೆ ಮುಂಗಡ ಕೊಡಲು ಕೈಯಲ್ಲಿ ಕಾಸಿರುವುದಿಲ್ಲ.

ಆದ್ದರಿಂದ ಗಿಡ್ಡ ಪೆಟ್ಟಿಗೆಯ ತೋಟಗಳಿಗೆ ಕ್ವಿಂಟಲಿಗೆ ನೂರು ರೂಪಾಯಿ ಹೆಚ್ಚಿಗೆ ಕೊಟ್ಟು ಹಿಡಿದೆ. ಉದ್ದ ಪೆಟ್ಟಿಗೆಯವುಗಳಿಗೆ ಹಸಿ ತೂಕದ ದರವನ್ನು ಬಿಟ್ಟು, ಒಣಗಿಸಿ ಬಂದ ತೂಕದ ಮೇಲೆ ಒಪ್ಪಂದ ಮಾಡಿಕೊಂಡೆ. ನೂರು ಹೆಚ್ಚು ಕೊಟ್ಟದ್ದಕ್ಕೆ ನನಗೆ ಹುಚ್ಚು ಹಿಡಿದಿದೆ ಎಂದವರೇ ಹೆಚ್ಚು.

ಒಂದು ಎಚ್ಚರಿಕೆ ಹೇಳಬೇಕು. ಹೊಸನಗರದ ಕಡೆಯ ಒಂದು ತೋಟದ ಪೆಟ್ಟಿಗೆ ಬಹಳ ಶಾಂತವಾಗಿ, ಮಧ್ಯಾಂಕದ ಗೆರೆ ನಟ್ಟನಡುವೆ ಕಂಡಿತ್ತು. ಅದರ ಮೇಲೆಯೇ ಲೋಡುಗಳನ್ನು ಒಂದೊಂದೇ ಚುಕ್ಕೆಯಾಗಿ ಇಟ್ಟಾಗ ಎರಡು ಗುಂಪು ಎದ್ದು ಕಂಡವು: ಮೊದಲ ಕೊಯ್ಲಿನವು ಕೆಳಗೆ, ಕೊನೆಯ ಕೊಯ್ಲಿನವು ಮೇಲೆ, ಮಧ್ಯಾಂಕದ ಹತ್ತಿರ ಒಂದೂ ಇಲ್ಲ. ಅಂದಿನಿಂದ ಚುಕ್ಕೆ ಇಡದೆ ಪೆಟ್ಟಿಗೆ ಬರೆಯುವುದಿಲ್ಲ, ಐದಾರು ಲೋಡು ಮಾತ್ರ ಇದ್ದರೆ ಪೆಟ್ಟಿಗೆಯನ್ನೇ ಬರೆಯುವುದಿಲ್ಲ. ಅಟ್ಟದ ಮೇಲಿನ ತೇವಾಂಶವನ್ನು ಹೇಗೆ ಕಳೆಯುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ನನಗೆ ಸಾಕಷ್ಟು ಅಡಿಕೆ ಖರ್ಚಾಗಿದೆ.

ನಡುವೆ ಶಿವಮೊಗ್ಗ ಮಾರುಕಟ್ಟೆಯ ರಾಶಿ ದರಗಳನ್ನು ವಾರದ ದಿನವಾರು ಪೆಟ್ಟಿಗೆಗಳಾಗಿ ಬರೆದೂ ನೋಡಿದೆ. ಇಂಥ ದಿನ ಮಾರಿದರೆ ಒಳ್ಳೆಯದು ಎಂಬ ನಂಬಿಕೆಗೆ ಆಧಾರ ಸಿಗಲಿಲ್ಲ. ಪೆಟ್ಟಿಗೆಗಳೆಲ್ಲ ಒಂದರ ಮೇಲೊಂದು ಕೂತವು. ದರ ತಿಂಗಳಿಂದ ತಿಂಗಳಿಗೆ ಏರುತ್ತಿದ್ದ ವರ್ಷವಾದ್ದರಿಂದ ಅವು ಸುಮ್ಮನೆ ಉದ್ದವೂ ಆಗಿದ್ದವು, ಏಕೆಂದರೆ ಈ ನಕ್ಷೆಗೆ ಕಾಲದ ಕ್ರಮ ತಿಳಿಯುವುದಿಲ್ಲ. ಆ ಕೆಲಸವನ್ನು ಅಲ್ಲಿಗೇ ಬಿಟ್ಟೆ.

ಕಳೆದ ಹಂಗಾಮಿನಲ್ಲಿ ಕೂಲಿ, ಬಡ್ಡಿ ಎಲ್ಲ ಕಳೆದು ಹಿಂದಿನದಕ್ಕಿಂತ ಒಂದೂಮುಕ್ಕಾಲು ಲಕ್ಷದಷ್ಟು ಹೆಚ್ಚು ಉಳಿಯಿತು, ದರ ಬಹುತೇಕ ಅಷ್ಟೇ ಇದ್ದರೂ. ಈಗ ಮಂಡಿಯಲ್ಲಿ ಇಬ್ಬರು ಮೂವರು ನನ್ನ ಹಾಳೆ ಕೇಳಿ ಪಡೆದಿದ್ದಾರೆ. ಪೆಟ್ಟಿಗೆಯ ಉದ್ದಕ್ಕೆ ತಕ್ಕಂತೆ ದರ ಎಷ್ಟು ಇಳಿಸಬೇಕು ಎಂಬ ಕಾಲಂ ತೆಗೆದೇ ಕೊಟ್ಟಿದ್ದೇನೆ.