ಕಪ್ಪು ಜಾಮ್ ಚಮಚ, ಅಡುಗೆ ಸೋಡಾ, ಒಂದು ಬೇಯಿಸಿದ ಮೊಟ್ಟೆ

ಹೋದ ಭಾನುವಾರ ಹನ್ನೊಂದು ಜಾಮ್ ಚಮಚ ಮಾರಿದೆ. ಎಲ್ಲವೂ ಬೆಳ್ಳಿ ಲೇಪನದ ಹಳೆಯವು, ಕಪ್ಪಾಗಿದ್ದವನ್ನು ಅಡುಗೆ ಸೋಡಾ ನೀರಲ್ಲಿ ಹೊಳೆಯಿಸಿದ್ದೆ. ಒಂದಕ್ಕೆ ಹೆಚ್ಚುಕಡಿಮೆ 12 ಪೌಂಡ್. ‘ಸೋಡಾ ನೀರಿಗೆ ಹಾಕಿದರೆ ಲೇಪನವೇ ಎದ್ದುಹೋಗುತ್ತೆ’ ಎಂದು ಹೆದರಿಸಿದ್ದ ಪಕ್ಕದ ಟೇಬಲ್‌ನ ಮಾರಾಟಗಾರರೇ ಎರಡು ಕೊಂಡರು!

ನಾನಿರುವುದು ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ. ಬರ್ಮಿಂಗ್‌ಹ್ಯಾಮ್‌ನ ಎಲ್ಕಿಂಗ್ಟನ್ ಕಂಪನಿಯವರು 1840ರಲ್ಲಿ ವಿದ್ಯುತ್ ಲೇಪನಕ್ಕೆ (ಕರೆಂಟ್ ಹರಿಸಿ ಲೋಹದ ಮೇಲೆ ಬೆಳ್ಳಿ ಹತ್ತಿಸುವುದಕ್ಕೆ) ಪೇಟೆಂಟ್ ತೆಗೆದುಕೊಂಡ ಮೇಲೆ ಈ ಊರಲ್ಲಿ ಇಂಥ ಚಮಚಗಳು ರಾಶಿ ರಾಶಿ ತಯಾರಾದವು. ಈಗಲೂ ಕಾರ್ ಬೂಟ್ ಸೇಲ್‌ಗಳಲ್ಲಿ, ಅಂದರೆ ಜನ ಕಾರಿನ ಡಿಕ್ಕಿಯಲ್ಲಿ ಹಳೆ ಸಾಮಾನು ತಂದು ಮಾರುವ ಸಂತೆಗಳಲ್ಲಿ, ಇ.ಪಿ.ಎನ್.ಎಸ್. (ನಿಕ್ಕಲ್ ಮಿಶ್ರಲೋಹದ ಮೇಲೆ ಬೆಳ್ಳಿ ಲೇಪನ) ಮುದ್ರೆಯವು ಡಬ್ಬಿಗಟ್ಟಲೆ ಸಿಗುತ್ತವೆ. ಊಟದ ಚಮಚ ಯಾರಿಗೂ ಬೇಡ. ಸಲಿಕೆಯಂಥ ಅಗಲ ಬಾಯಿ, ಗಿಡ್ಡ ಹಿಡಿ ಇರುವ ಜಾಮ್ ಚಮಚಕ್ಕೆ ಗಿರಾಕಿ ಇದ್ದಾರೆ. ಕೊಳ್ಳುವಾಗ ಬೆನ್ನು ನೋಡಿ. ಮೇಜಿಗೆ ತಾಗುವ ಜಾಗದಲ್ಲಿ ಮಂಕು ಹಳದಿ ಇಣುಕಿದರೆ ಕೆಳಗಿಟ್ಟುಬಿಡಿ. ಅದು ಒಳಗಿನ ತಾಮ್ರ, ಸತು, ನಿಕ್ಕಲ್ ಮಿಶ್ರಣ. ಯಾವ ಸೋಡಾನೂ ಅದನ್ನು ಬೆಳ್ಳಿ ಮಾಡಲ್ಲ.

ಮೊದಲು ನಾನೂ ಉಜ್ಜಿದವನೇ. ಅಮ್ಮ ದೇವರ ಮನೆಯ ಬೆಳ್ಳಿ ದೀಪಕ್ಕೆ ವಿಭೂತಿ ಹಾಕುತ್ತಿದ್ದರು, ನಾನು ಹಲ್ಲುಪುಡಿ ಹಾಕಿದೆ. ಗಟ್ಟಿ ಬೆಳ್ಳಿ ತಡೆಯುತ್ತೆ, ಇಷ್ಟು ತೆಳು ಲೇಪನ ತಡೆಯುತ್ತಾ? ಒಂಬತ್ತು ಚಮಚ ಬೋಳಾದವು. ಮತ್ತೆ ಲೇಪನ ಹಾಕಿಸೋಣ ಅಂದರೆ ಒಂದಕ್ಕೆ 20 ಪೌಂಡ್ ಮೇಲೆ ಕೇಳಿದರು. ಮಾರುವ ಬೆಲೆಗಿಂತ ಅದೇ ಜಾಸ್ತಿ!

ಈಗ ಟ್ರೇಯಲ್ಲಿ ಅಲ್ಯುಮಿನಿಯಂ ಫಾಯಿಲ್ ಹಾಸಿ, ಲೀಟರಿಗೆ ಎರಡು ದೊಡ್ಡ ಚಮಚದಷ್ಟು ಅಡುಗೆ ಸೋಡಾ ಹಾಕಿ, ಕುದಿನೀರು ಸುರಿಯುತ್ತೇನೆ. ಚಮಚ ಫಾಯಿಲ್‌ಗೆ ತಾಗಿರಲೇಬೇಕು. ಕೊಳೆತ ಮೊಟ್ಟೆಯ ವಾಸನೆ ಬಂತೋ, ಕೆಲಸ ಶುರುವಾಯಿತು ಅಂತ. ಫಾಯಿಲ್ ಕಪ್ಪಾಗುತ್ತಾ ಹೋಗುತ್ತೆ, ಚಮಚ ಬೆಳ್ಳಗಾಗುತ್ತಾ ಬರುತ್ತೆ. ಒರೆಸುವ ಬಟ್ಟೆ ಯಾವುದು ಅಂತ ಮಾತ್ರ ಕೇಳಬೇಡಿ, ಅದು ನನ್ನ ಗುಟ್ಟು.

ಮುತ್ತಿನ ಚಿಪ್ಪಿನ ಹಿಡಿ ಇದ್ದ ಒಂದನ್ನೂ ಸುಮ್ನೆ ಅದರ ಜೊತೆಗೇ ಹಾಕಿದ್ದೆ. ಬಿಸಿಗೆ ಒಳಗಿನ ಅಂಟು ಸಡಿಲವಾಗಿ ಹಿಡಿ ಕೈಗೇ ಬಂತು. 8 ಪೌಂಡ್, ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಇನ್ನೊಂದು ತಲೆನೋವು ಇತ್ತು. ದ್ರಾಕ್ಷಿ ಗೊಂಚಲಿನ ಕೆತ್ತನೆಯ ಗೆರೆಗಳಲ್ಲಿದ್ದ ಕಪ್ಪೂ ಹೋಗಿ, ಚಮಚ ನಿನ್ನೆ ಕೊಂಡ ಸ್ಟೀಲ್ ಥರ ಕಂಡಿತು. ಹಳೆಯದು ಎಂದರೆ ಯಾರು ನಂಬುತ್ತಾರೆ? ಗೆರೆಗಳಿಗೆ ಮತ್ತೆ ಸ್ವಲ್ಪ ಕಪ್ಪು ಬರಲಿ ಅಂತ ಬೇಯಿಸಿದ ಮೊಟ್ಟೆಯನ್ನು ಹಿಸುಕಿ, ಚಮಚದ ಜೊತೆ ಡಬ್ಬಿಯಲ್ಲಿ ಮುಚ್ಚಿಟ್ಟೆ. ಮೊದಲ ಸಲ ರಾತ್ರಿಯೆಲ್ಲ ಬಿಟ್ಟು ಪೂರ್ತಿ ಕಪ್ಪಾಯಿತು, ಮತ್ತೆ ಸೋಡಾ ನೀರೇ ಗತಿ. ಈಗ ಹದ ಸಿಕ್ಕಿದೆ. ಗೆರೆಯಲ್ಲಿ ಕಂದು ಕೂರುತ್ತೆ, ಉಬ್ಬನ್ನು ಹೆಬ್ಬೆರಳಲ್ಲಿ ಒರೆಸಿದರೆ ದ್ರಾಕ್ಷಿ ಎದ್ದು ಕಾಣುತ್ತೆ. ಎಷ್ಟು ಗಂಟೆ ಅಂತ ನೀವೇ ಕಂಡುಕೊಳ್ಳಿ. ಆ ಡಬ್ಬಿಯನ್ನು ಮಾತ್ರ ನಮ್ಮನೆಯವಳು ಮತ್ತೆ ಅಡುಗೆಮನೆಗೆ ಸೇರಿಸಿಲ್ಲ.