ಮರ ನೀರೆಳೆಯುವುದನ್ನು ಅಳೆಯುವುದು ಹೇಗೆ?

ಬಿಳಿ ಹೂವನ್ನು ಕೆಂಪು ಶಾಯಿಯಲ್ಲಿ ನಿಲ್ಲಿಸಿದರೆ ನೀರು ಮೇಲೇರುವುದು ಕಾಣುತ್ತದೆ, ಎಷ್ಟು ಏರಿತೆಂದು ಗೊತ್ತಾಗುವುದಿಲ್ಲ. ಅಳೆಯಲು ಬೇಕಾದದ್ದು ಪೆನ್ಸಿಲ್‌ಗಿಂತ ತುಸು ತೆಳ್ಳಗಿನ ಹೊಂಗೆ ಕೊಂಬೆ, ಅಕ್ವೇರಿಯಂ ಅಂಗಡಿಯ ಪಾರದರ್ಶಕ ಗಾಳಿಕೊಳವೆ (ಒಳವ್ಯಾಸ 4 ಮಿ.ಮೀ., ಉದ್ದ 1 ಮೀಟರ್), ಬಕೆಟ್, ಹೊಸ ಬ್ಲೇಡು, ವ್ಯಾಸಲೀನ್, ಸ್ಕೇಲು. ಹಲಸು, ಕಣಗಿಲೆಯಂಥ ಹಾಲು ಒಸರುವ ಜಾತಿ ಬೇಡವೇ ಬೇಡ. ಹಾಲು ಹೆಪ್ಪುಗಟ್ಟಿ ಕತ್ತರಿಸಿದ ಬಾಯಿಯನ್ನೇ ಮುಚ್ಚುತ್ತದೆ.

ಹಿಂದಿನ ರಾತ್ರಿ ನೀರು ಕುದಿಸಿ, ಮುಚ್ಚಿಟ್ಟು ಆರಿಸಿ. ನಲ್ಲಿ ನೀರಿನಲ್ಲಿ ಕರಗಿದ ಗಾಳಿ ಆಮೇಲೆ ಗುಳ್ಳೆಯಾಗಿ ಕಾಡುತ್ತದೆ.

ಕೆಲಸ ಕೆಡುವುದು ಕತ್ತರಿಸುವಾಗ. ಎಲೆಯಿಂದ ಆವಿ ಹೋದಂತೆ ನೀರಿನ ಅಣುಗಳು ಒಂದನ್ನೊಂದು ಬಿಡದೆ ಕೆಳಗಿನವನ್ನು ಎಳೆಯುತ್ತವೆ ಎಂದು 1894ರಲ್ಲಿ ಐರ್ಲೆಂಡಿನ ವಿಜ್ಞಾನಿಗಳಾದ ಡಿಕ್ಸನ್ ಮತ್ತು ಜೋಲಿ ವಿವರಿಸಿದರು. ಹೀರುವ ಪಂಪು 10 ಮೀಟರಿಗೇ ಸೋಲುತ್ತದೆ. ಘಟ್ಟದ 40 ಮೀಟರ್ ಧೂಪದ ಮರಕ್ಕೆ ಬರೀ ಎತ್ತರ ಗೆಲ್ಲಲು ವಾಯುಮಂಡಲದ ಒತ್ತಡದ ನಾಲ್ಕರಷ್ಟು ಎಳೆತ ಬೇಕು. ಇಷ್ಟು ಬಿಗಿದ ನೀರಿನ ಎಳೆಯನ್ನು ಗಾಳಿಯಲ್ಲಿ ಕತ್ತರಿಸಿದರೆ ಅದು ಸರಕ್ಕನೆ ಒಳಸರಿದು ಗಾಳಿ ನುಗ್ಗುತ್ತದೆ. ಆದ್ದರಿಂದ ಎಳೆತ ಕಡಿಮೆಯಿರುವ ಬೆಳಗಿನ ಜಾವದಲ್ಲೇ, ಬೇಕಾದ್ದಕ್ಕಿಂತ ಒಂದು ಅಡಿ ಉದ್ದಕ್ಕೆ ಕಡಿಯಿರಿ. ತಕ್ಷಣ ಬುಡವನ್ನು ಆರಿದ ನೀರಿನ ಬಕೆಟ್ಟಿಗಿಳಿಸಿ, ಹೆಚ್ಚುವರಿ ಅಡಿಯನ್ನು ನೀರಿನೊಳಗೇ ಓರೆಯಾಗಿ ಕತ್ತರಿಸಿ. ಕತ್ತರಿ ಬಳಸಬೇಡಿ, ನಾಳಗಳು ಜಜ್ಜಿಹೋಗುತ್ತವೆ.

ಕೊಳವೆಯ ತುದಿಯನ್ನು ಬಿಸಿನೀರಲ್ಲಿ ಮೆದು ಮಾಡಿ, ಕೊಳವೆ ತುಂಬ ನೀರಿರುವಾಗ ಬಕೆಟ್ಟಿನೊಳಗೇ ಕೊಂಬೆಗೆ ಬಿಗಿಯಾಗಿ ತೊಡಿಸಿ. ಗುಳ್ಳೆ ಕಂಡರೆ ಬೆರಳಿನಿಂದ ತಟ್ಟಿ ಹೊರಡಿಸಿ. ಹೊರತೆಗೆದು ಒರೆಸಿ, ಸಂದಿಗೆ ವ್ಯಾಸಲೀನ್ ಬಳಿದು ದಾರ ಸುತ್ತಿ. ತಕ್ಷಣ ಅಂಟುವ ಗೋಂದು ಒದ್ದೆ ತೊಗಟೆಗೆ ಕೂರುವುದಿಲ್ಲ, ದುಡ್ಡು ದಂಡ.

ಕೊಳವೆಯ ತೆರೆದ ತುದಿ ಕೊಂಬೆಯ ಬುಡದ ಮಟ್ಟದಲ್ಲೇ, ಸ್ಕೇಲಿನ ಪಕ್ಕ ಅಡ್ಡಡ್ಡ ಮಲಗಿರಲಿ. ಎಲೆ ಮೇಲಿನ ನೀರು ಒರೆಸಿ, ಅರ್ಧ ಗಂಟೆ ಬಿಟ್ಟು ಸ್ಕೇಲು ಓದಿ. ನೀರು 8 ಸೆಂ.ಮೀ. ಸರಿದರೆ ಸುಮಾರು 1 ಮಿ.ಲೀ. ನೆರಳು, ಫ್ಯಾನು, ಬಿಸಿಲು, ಮೂರರಲ್ಲೂ ಹತ್ತತ್ತು ನಿಮಿಷ ನೋಡಿ. ಬಿಸಿಲಲ್ಲಿ ಓಟ ಜೋರಾಗಿ, ಆಮೇಲೆ ಕುಂಟಿದರೆ ಸೋರಿಕೆ ಎಂದು ಗಾಬರಿಯಾಗಬೇಡಿ. ಎಲೆ ಪತ್ರರಂಧ್ರ (ಆವಿ ಹೊರಬಿಡುವ ಸೂಕ್ಷ್ಮ ತೂತು) ಮುಚ್ಚಿ ನೀರು ಉಳಿಸುತ್ತಿರಬಹುದು. ಬಂಡೀಪುರದ ತೇಗ ಬೇಸಿಗೆಯಲ್ಲಿ ಎಲೆಯನ್ನೇ ಕಳಚಿಬಿಡುತ್ತದೆ. ಮತ್ತಿ ಮರ ಕಾಂಡದಲ್ಲೇ ನೀರು ಕೂಡಿಟ್ಟುಕೊಳ್ಳುತ್ತದೆ.

ಕೊನೆಗೆ ಎಲೆಗಳ ಅಡಿಭಾಗಕ್ಕೆ ತೆಳ್ಳಗೆ ವ್ಯಾಸಲೀನ್ ಬಳಿಯಿರಿ, ಓಟ ಬಹುತೇಕ ನಿಲ್ಲುತ್ತದೆ. ಅದೇ ಕೊಂಬೆಯನ್ನು ಮರುದಿನಕ್ಕೆ ಇಡಬೇಡಿ, ಬುಡದಲ್ಲಿ ಬ್ಯಾಕ್ಟೀರಿಯಾ ಬೆಳೆದು ನಾಳ ಕಟ್ಟಿ ಲೆಕ್ಕ ತಪ್ಪುತ್ತದೆ.